ದಾವಣಗೆರೆಯಲ್ಲಿ ಮೂರು ವರ್ಷ ಬಿ.ಕಾಂ: ಸೌಲಭ್ಯಗಳಿವೆ, ಕೇಳಿ ಪಡೆಯಬೇಕು

2021ರಲ್ಲಿ ಬಿ.ಕಾಂ ಸೇರಿ 2024ರಲ್ಲಿ ಮುಗಿಸಿದೆ. ದಾವಣಗೆರೆ ಊರೊಳಗಿನ ಒಂದು ಕಾಲೇಜು. ಹೆಸರು ಬೇಡ, ಯಾಕೆಂದರೆ ನಾನು ಬರೆಯುವುದು ಬೇರೆ ಕಾಲೇಜಿನವರಿಗೂ ಉಪಯೋಗ ಆಗಲಿ ಅಂತ. ಪಾಠ ಹೇಗಿತ್ತು, ಕ್ಯಾಂಟೀನ್ ಹೇಗಿತ್ತು ಅನ್ನುವುದನ್ನು ಬಿಡುತ್ತೇನೆ. ಹಾಜರಾತಿ, ಇಂಟರ್ನಲ್ ಅಂಕ, ಸ್ಕಾಲರ್‌ಶಿಪ್, ದೂರು, ಇವುಗಳದ್ದೇ ಕಥೆ ಹೇಳುತ್ತೇನೆ. ಕಾಲೇಜಿಗೆ ನಾನು ಕೊಡುವ ಅಂಕ ಐದಕ್ಕೆ ಮೂರೂವರೆ.

ನಮ್ಮದು ಜಗಳೂರು ಕಡೆಯ ಹಳ್ಳಿ. ಮನೆಯಲ್ಲಿ ಸೋದರಮಾವ ಒಬ್ಬರನ್ನು ಬಿಟ್ಟರೆ ಡಿಗ್ರಿ ಓದಿದವರಿಲ್ಲ. ಮಾವ ಓದಿದ್ದು ಇಲ್ಲಿನ ಕಾಲೇಜುಗಳು ಇನ್ನೂ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದ ಕಾಲದಲ್ಲಿ. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ತಪ್ಪಾಗಿದ್ದಕ್ಕೆ ಆ ವಿಶ್ವವಿದ್ಯಾಲಯ ಇರುವ ಶಂಕರಘಟ್ಟಕ್ಕೆ ಎರಡು ಸಲ ಹೋಗಿ ಬಂದಿದ್ದರಂತೆ. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಆದ ಮೇಲೆ, ಅದು ಇರುವ ತೋಳಹುಣಸೆ ನಮಗೆ ಹತ್ತಿರವೇ ಇದೆ. ಆದರೆ ಚಿತ್ರದುರ್ಗ ಜಿಲ್ಲೆಯೂ ಇದಕ್ಕೇ ಸೇರುತ್ತದಲ್ವಾ, ಮೊಳಕಾಲ್ಮೂರಿನ ಹುಡುಗರಿಗೆ ಇವತ್ತಿಗೂ ನೂರು ಕಿಲೋಮೀಟರ್‌ಗೂ ಜಾಸ್ತಿ ದಾರಿ.

ನಮ್ಮದು ಹೊಸ ಶಿಕ್ಷಣ ನೀತಿಯ ಮೊದಲ ಬ್ಯಾಚು. ಪರೀಕ್ಷೆಗೆ 60 ಅಂಕ, ಟೆಸ್ಟು ಅಸೈನ್‌ಮೆಂಟು ನೋಡಿ ಕಾಲೇಜೇ ಕೊಡುವ ಇಂಟರ್ನಲ್‌ಗೆ 40. ಓಪನ್ ಎಲೆಕ್ಟಿವ್ (ಬೇರೆ ವಿಭಾಗದಿಂದ ಆರಿಸಿಕೊಳ್ಳುವ ವಿಷಯ) ಅಂದರೇನು, ನಾಲ್ಕನೇ ವರ್ಷ ಓದಲೇಬೇಕಾ, ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಾವು ಮುಗಿಸುವ ಹೊತ್ತಿಗೆ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೇ ಬಂತು. ಮೇಷ್ಟ್ರುಗಳನ್ನು ಬೈಯಲಾರೆ, ಅವರೂ ನಮ್ಮ ಜೊತೆಗೇ ಕಲಿಯುತ್ತಿದ್ದರು.

ಮೂರನೇ ಸೆಮಿಸ್ಟರ್‌ನಲ್ಲಿ ನನಗೆ ಕಾಮಾಲೆ ಆಯಿತು. ಒಂದು ತಿಂಗಳು ಊರಲ್ಲೇ ಇದ್ದೆ. ಅಮ್ಮ ನಾಟಿ ಔಷಧಿ ಕೊಡಿಸಿದಳು, ಅಪ್ಪ ಆಸ್ಪತ್ರೆಗೂ ತೋರಿಸಿದರು. ವಾಪಸ್ ಬಂದಾಗ ನೋಟಿಸ್ ಬೋರ್ಡಿನಲ್ಲಿ ಹಾಜರಾತಿ ಕಮ್ಮಿ ಇದ್ದವರ ಪಟ್ಟಿ. ನನ್ನ ಹೆಸರಿನ ಕೆಳಗೆ ಕೆಂಪು ಪೆನ್ನಿನ ಗೆರೆ. 75 ಪರ್ಸೆಂಟ್ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂತ ಮೊದಲ ದಿನವೇ ಹೇಳಿದ್ದರು. ಕಾಯಿಲೆ ಆದವರು ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಬೋರ್ಡಿನ ಮುಂದೆಯೇ ಅತ್ತುಬಿಟ್ಟೆ.

ನಮ್ಮ ಮೆಂಟರ್, ಅಂದರೆ ಮಾರ್ಗದರ್ಶನಕ್ಕೆ ಅಂತ ಕಾಲೇಜು ಗೊತ್ತುಮಾಡಿದ ಮೇಡಂ, ನೋಡಿ ಒಳಗೆ ಕರೆದರು. 'ಅಳಬೇಡಮ್ಮ. ಆಸ್ಪತ್ರೆ ಚೀಟಿ ಇದೆಯಾ? ರಕ್ತ ಪರೀಕ್ಷೆ ರಿಪೋರ್ಟ್ ಇದೆಯಾ? ಎರಡನ್ನೂ ನಾಳೆ ತಗೊಂಡು ಬಾ' ಅಂದರು. ಅರ್ಜಿ ಹೇಗೆ ಬರೆಯಬೇಕು ಅಂತ ಅವರೇ ಹೇಳಿಕೊಟ್ಟರು. ಅಪ್ಪನಿಗೆ ಫೋನ್ ಮಾಡಿ ಸಹಿ ಬೇಕು ಅಂದರು. ಪ್ರಿನ್ಸಿಪಾಲರು ಕಾಗದ ನೋಡಿ ರಿಯಾಯಿತಿ ಕೊಟ್ಟರು. ಈ ಕಾಲೇಜಿಗೆ ನಾನು ಕೊಟ್ಟ ಅಂಕದಲ್ಲಿ ಎರಡು ಆ ಮೇಡಂಗೇ ಸೇರಬೇಕು. ಪ್ರತಿ ವಿದ್ಯಾರ್ಥಿಗೂ ಒಬ್ಬ ಮೆಂಟರ್ ಇರುತ್ತಾರೆ ಅನ್ನುವುದೇ ನಮ್ಮ ಕ್ಲಾಸಿನ ಅರ್ಧ ಜನಕ್ಕೆ ಕೊನೆಯವರೆಗೂ ಗೊತ್ತಿರಲಿಲ್ಲ.

ಐದನೇ ಸೆಮಿಸ್ಟರ್ ರಿಸಲ್ಟ್‌ನಲ್ಲಿ ಇನ್ನೊಂದು ಪೆಟ್ಟು. ಒಂದು ವಿಷಯದಲ್ಲಿ ಇಂಟರ್ನಲ್‌ಗೆ ಗೈರು ಅಂತ ಬಂತು. ನಾನು ಎರಡೂ ಟೆಸ್ಟ್ ಬರೆದಿದ್ದೆ, ಅಸೈನ್‌ಮೆಂಟೂ ಕೊಟ್ಟಿದ್ದೆ. 40 ಅಂಕ ಹೋದರೆ ಏನು ಉಳಿಯುತ್ತದೆ ಹೇಳಿ? ಕಾಲೇಜು ಆಫೀಸಿಗೆ ಹೋದೆ. 'ನಾಳೆ ಬಾ' ಅಂದರು. ಮರುದಿನ 'ಸರ್ವರ್ ಇಲ್ಲ', ಅದರ ಮರುದಿನ 'ಸಾಹೇಬರು ರಜೆ'. ಹೀಗೆ ಮೂರು ವಾರ ಕಳೆಯಿತು. ಕಿಟಕಿಯ ಸಣ್ಣ ತೂತಿನಲ್ಲಿ ಬಗ್ಗಿ ಬಗ್ಗಿ ಮಾತಾಡಿ ಕತ್ತು ನೋವು ಬಂದಿತ್ತು. ನನಗೆ ಸಿಟ್ಟಿರುವುದು ಇದರ ಬಗ್ಗೆಯೇ. ತಪ್ಪಾಗುವುದು ಸಹಜ. ತಪ್ಪನ್ನು ಒಪ್ಪಿಕೊಳ್ಳದೆ ಹಳ್ಳಿ ಮಕ್ಕಳನ್ನು ಅಲೆಸುವುದು ಸರಿಯಲ್ಲ.

ಆಮೇಲೆ ಮೇಡಂ ಹೇಳಿದಂತೆ ಮಾಡಿದೆ. ಅರ್ಜಿಯನ್ನು ಎರಡು ಪ್ರತಿ ಬರೆದೆ. ರಿಜಿಸ್ಟರ್ ನಂಬರ್, ವಿಷಯದ ಕೋಡ್, ಟೆಸ್ಟ್ ಬರೆದ ತಾರೀಖು ಎಲ್ಲ ಹಾಕಿದೆ. ಟೆಸ್ಟ್ ಉತ್ತರ ಬರೆದ ಬ್ಲೂ ಬುಕ್ಕಿನ ಜೆರಾಕ್ಸ್ ಲಗತ್ತಿಸಿದೆ. ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಂಡೆ. ಸೀಲು ಹಾಕುವುದಕ್ಕೆ ಮೊದಲು ಒಪ್ಪಲಿಲ್ಲ. ನಾನು ಅಲ್ಲೇ ನಿಂತೆ. ಸೀಲು ಬಿದ್ದ ಒಂಬತ್ತನೇ ದಿನಕ್ಕೆ ಅಂಕ ಸರಿಯಾಯಿತು. ಅಂಕ ತುಂಬುವಾಗ ನನ್ನ ಸಾಲೊಂದೇ ತಪ್ಪಿಹೋಗಿತ್ತಂತೆ!

ಅಷ್ಟಕ್ಕೂ ಆಗದಿದ್ದರೆ ಮುಂದಿನ ದಾರಿಯೂ ಇದೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರಲ್ಲಿ ಮಾಡಿದ ನಿಯಮದ ಪ್ರಕಾರ ಕಾಲೇಜುಗಳಲ್ಲಿ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು. ಅದರಲ್ಲಿ ವಿದ್ಯಾರ್ಥಿ ಪ್ರತಿನಿಧಿಯೂ ಇರಬೇಕು. ದೂರು ಕೊಟ್ಟ 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು. ಅದು ಸರಿ ಅನ್ನಿಸದಿದ್ದರೆ ಇನ್ನು 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ಅಧಿಕಾರಿ) ಮೇಲ್ಮನವಿ ಹಾಕಬಹುದು. ನನಗೆ ಇದು ತಿಳಿದಿದ್ದು ಕೊನೆಯ ಸೆಮಿಸ್ಟರ್‌ನಲ್ಲಿ. ಕಿಟಕಿ ಮುಂದೆ ನಿಂತ ಆ ಮೂರು ವಾರ ಗೊತ್ತಿದ್ದಿದ್ದರೆ ಎಷ್ಟು ಧೈರ್ಯ ಬರುತ್ತಿತ್ತೋ.

ಸ್ಕಾಲರ್‌ಶಿಪ್ ವಿಷಯ. ನನಗೆ ಹಾಸ್ಟೆಲ್ ಸೀಟು ಸಿಗಲಿಲ್ಲ. ಇನ್ನಿಬ್ಬರು ಹುಡುಗಿಯರ ಜೊತೆ ರೂಮು ಮಾಡಿದ್ದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ರಾಜ್ಯ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ನಾನು ಓದುವಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಿದ್ದರು. ನನ್ನ ಪಾಲಿನ ಬಾಡಿಗೆ ಅದರಲ್ಲೇ ಹೋಯಿತು. ಮೊದಲ ವರ್ಷ ದುಡ್ಡು ಬರಲಿಲ್ಲ, ಯಾಕೆಂದರೆ ನನ್ನ ಆಧಾರ್ ಯಾವುದೋ ಹಳೇ ಖಾತೆಗೆ ಜೋಡಣೆಯಾಗಿತ್ತು. ಅರ್ಜಿ ಹಾಕುವ ಮುಂಚೆಯೇ ಬ್ಯಾಂಕಿಗೆ ಹೋಗಿ ಇದನ್ನು ಕೇಳಿಕೊಳ್ಳಿ. ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡ್, ಆಧಾರ್ ಎರಡರಲ್ಲೂ ಹೆಸರು ಒಂದೇ ಥರ ಇರಲಿ. ಜಾತಿ ಆದಾಯ ಪತ್ರದ ಮೇಲಿರುವ ಆರ್‌ಡಿ ನಂಬರ್ (ಆ ಪತ್ರದ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಕೊನೆಯ ವಾರದವರೆಗೆ ಕಾದರೆ ಸೈಬರ್ ಸೆಂಟರಿನಲ್ಲಿ ಜಾತ್ರೆ.

ಲೈಬ್ರರಿ ಚೆನ್ನಾಗಿತ್ತು, ಪರೀಕ್ಷೆ ಸಮಯದಲ್ಲಿ ಸಂಜೆವರೆಗೂ ತೆಗೆದಿರುತ್ತಿತ್ತು.

ಆಪ್ತ ಸಮಾಲೋಚನೆ ಕೇಂದ್ರಕ್ಕೆ ಬೋರ್ಡು ಇತ್ತು, ಬಾಗಿಲಿಗೆ ಬೀಗ ಇತ್ತು. ನನ್ನ ರೂಮ್‌ಮೇಟ್ ಒಬ್ಬಳು ಎರಡು ವಿಷಯ ಫೇಲಾದಾಗ ಊಟ ಬಿಟ್ಟು ಗೋಡೆ ನೋಡಿಕೊಂಡು ಮಲಗಿದ್ದಳು. ಆ ರಾತ್ರಿ ನಮಗೆ ನಿಜಕ್ಕೂ ಭಯ ಆಯಿತು. 14416ಕ್ಕೆ ಫೋನ್ ಮಾಡಿದೆವು. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಹಗಲು ರಾತ್ರಿ ಸಿಗುತ್ತದೆ. ಕನ್ನಡದಲ್ಲೇ ಮಾತಾಡಿದರು. ಅವಳು ಬಾಗಿಲು ಹಾಕಿಕೊಂಡು ತುಂಬಾ ಹೊತ್ತು ಮಾತಾಡಿದಳು, ಬೆಳಿಗ್ಗೆ ಎದ್ದು ಮಂಡಕ್ಕಿ ತಿಂದಳು. ಮುಂದಿನ ಸಲ ಎರಡೂ ವಿಷಯ ಪಾಸಾದಳು. ಆ ನಂಬರನ್ನು ಪ್ರತಿ ಕ್ಲಾಸ್‌ರೂಮಿನ ಗೋಡೆ ಮೇಲೆ ದೊಡ್ಡದಾಗಿ ಬರೆಸಬೇಕು, ದಯವಿಟ್ಟು.

ಈ ವರ್ಷ ತಂಗಿಯನ್ನೂ ಅದೇ ಕಾಲೇಜಿಗೆ ಸೇರಿಸಿದ್ದೇವೆ. ಫೀಸು ಕಟ್ಟಿದ ದಿನವೇ ಅಪ್ಪ ಆಫೀಸಿನಲ್ಲಿ ಕೇಳಿದರು, 'ನಮ್ಮ ಹುಡುಗಿಗೆ ಮೆಂಟರ್ ಯಾರು?' ಅಂತ.