‘ಗಿಲಿಯಡ್’: ಐನೋರ ಮಗಳು ಓದಿದ ಪಾದ್ರಿಯ ಕಥೆ

ಈ ಕಾದಂಬರಿಯಲ್ಲಿ ಅಧ್ಯಾಯಗಳೇ ಇಲ್ಲ. ಸುಮಾರು 250 ಪುಟ, ಒಂದೇ ಉದ್ದನೆಯ ಪತ್ರ. ನಡುವೆ ಅಲ್ಲಲ್ಲಿ ಜಾಗ ಬಿಟ್ಟಿದ್ದಾರೆ, ಅಷ್ಟೇ. ಗದಗದಿಂದ ಹುಬ್ಬಳ್ಳಿಗೆ ಹೋಗುವಾಗ ಬಸ್ಸಿನಲ್ಲಿ ಓದೋಣ ಅಂತ ತೆಗೆದರೆ ಅಣ್ಣಿಗೇರಿ ಬರುವಷ್ಟರಲ್ಲಿ ಕಣ್ಣು ಎಳೆಯುತ್ತವೆ. ರಾತ್ರಿ ಊಟ ಮುಗಿದು, ಮನೆ ಸುಮ್ಮನಾದ ಮೇಲೆ ನಾಲ್ಕೈದು ಪುಟ ಓದಬೇಕು. ಹಾಗೆ ಓದಿದರೆ ಮಾರನೇ ದಿನ ಕ್ಲಾಸಿನಲ್ಲಿ ನಿಂತಾಗಲೂ ಅದೇ ತಲೆಯಲ್ಲಿ ಓಡುತ್ತಿರುತ್ತದೆ.

ಬರೆದವರು ಮೆರಿಲಿನ್ ರಾಬಿನ್‌ಸನ್. 1980ರಲ್ಲಿ ಮೊದಲ ಕಾದಂಬರಿ ಬರೆದು, 24 ವರ್ಷ ಬಿಟ್ಟು 2004ರಲ್ಲಿ ಇದನ್ನು ತಂದರು. 2005ರಲ್ಲಿ ಪುಲಿಟ್ಜರ್ ಬಹುಮಾನ ಬಂತು. ಕಥೆ ನಡೆಯುವುದು 1956ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಗಿಲಿಯಡ್ ಎಂಬ ಕಲ್ಪಿತ ಸಣ್ಣ ಊರಿನಲ್ಲಿ. ಜಾನ್ ಏಮ್ಸ್ ಅಲ್ಲಿನ ಪಾದ್ರಿ. ವಯಸ್ಸು 76, ಹೃದಯದ ಕಾಯಿಲೆ. ಮಗನಿಗೆ ಇನ್ನೂ ಏಳು ತುಂಬಿಲ್ಲ. ಆ ಹುಡುಗ ದೊಡ್ಡವನಾಗುವಾಗ ತಾನಿರುವುದಿಲ್ಲ ಅಂತ ಗೊತ್ತು. ಅದಕ್ಕೇ ಕೂತು ಬರೆಯುತ್ತಾನೆ.

ಮೊದಲ ಹೆಂಡತಿ ಲೂಯಿಸಾ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಮಗುವೂ ಉಳಿಯಲಿಲ್ಲ. ಆಮೇಲೆ ನಲವತ್ತು ವರ್ಷಕ್ಕೂ ಜಾಸ್ತಿ ಒಂಟಿ ಬದುಕು. ಒಂದು ಭಾನುವಾರ ಮಳೆಯಲ್ಲಿ ಲೈಲಾ ಎಂಬ ಹೆಂಗಸು ಚರ್ಚಿನ ಒಳಗೆ ಬಂದು ಹಿಂದೆ ಕೂರುತ್ತಾಳೆ. ವಯಸ್ಸಿನಲ್ಲಿ ತುಂಬ ಚಿಕ್ಕವಳು, ಹಿಂದುಮುಂದು ಯಾರೂ ಇಲ್ಲ. ಆಕೆ ಅವನ ಹೂದೋಟ ನೋಡಿಕೊಳ್ಳಲು ಶುರು ಮಾಡುತ್ತಾಳೆ. ಈ ಉಪಕಾರ ಹೇಗೆ ತೀರಿಸಲಿ ಅಂತ ಕೇಳಿದರೆ, ನೀವು ನನ್ನ ಮದುವೆ ಆಗಬೇಕು ಅನ್ನುತ್ತಾಳೆ. ಇವನು ಆಗಿಬಿಡುತ್ತಾನೆ. ಮುದುಕನ ಪ್ರೀತಿಯನ್ನು ಇಷ್ಟು ಮರ್ಯಾದೆಯಿಂದ, ಸ್ವಲ್ಪವೂ ಜೊಲ್ಲು ಸುರಿಸದೆ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಧಾರವಾಡದಲ್ಲಿ ಪಾಠ ಮಾಡುವ ಗೆಳತಿ ಈ ಪುಸ್ತಕ ಕೊಟ್ಟು, ‘ನಿಮ್ಮಪ್ಪಾರ ನೆನಪ ಬರ್ತೈತಿ, ಓದ’ ಅಂದಿದ್ದಳು. ಅಪ್ಪ ರೋಣದ ಕಡೆಯ ನಮ್ಮೂರಿನ ಮಠದ ಐನೋರು. ಲಿಂಗದೀಕ್ಷೆ, ಮದುವೆ, ಮಣ್ಣು ಎಲ್ಲಕ್ಕೂ ಅವರೇ ಬೇಕಿತ್ತು. ಶ್ರಾವಣ ಬಂತೆಂದರೆ ತಿಂಗಳು ಪೂರ್ತಿ ಮಠದಲ್ಲಿ ಪುರಾಣ ಹೇಳುತ್ತಿದ್ದರು. ಮರುದಿನ ಹೇಳುವುದನ್ನು ಹಿಂದಿನ ರಾತ್ರಿ ಕಿರಾಣಿ ಅಂಗಡಿಯವರು ಲೆಕ್ಕ ಬರೆಯುವಂಥ ಉದ್ದನೆಯ ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಪುಸ್ತಕಗಳು ಅಟ್ಟದ ಮೇಲೆ ಟ್ರಂಕಿನಲ್ಲಿವೆ. ಏನು ಮಾಡೋದು ಅಂತ ಕೇಳಿದ್ದಕ್ಕೆ ಅವ್ವ, ‘ಇರ್ಲಿ ಬಿಡವಾ, ಅವೇನ್ ಕೂಳ ಕೇಳ್ತಾವೇನ?’ ಅಂದಳು.

ಏಮ್ಸ್‌ನ ಅಟ್ಟದಲ್ಲೂ ಪೆಟ್ಟಿಗೆಗಳಿವೆ. ಅವನು ಕೂತು ಲೆಕ್ಕ ಹಾಕುತ್ತಾನೆ. ವರ್ಷಕ್ಕೆ 50 ಪ್ರವಚನ, 45 ವರ್ಷ, ಒಟ್ಟು 2,250. ಒಂದಕ್ಕೆ 30 ಪುಟ ಹಿಡಿದರೂ 67,500 ಪುಟ. ಯಾರು ಓದುತ್ತಾರೆ? ಅವನಿಗೂ ಗೊತ್ತು, ಯಾರೂ ಓದುವುದಿಲ್ಲ. ಇದರಲ್ಲೇ ಇನ್ನೊಂದು ಮಾತು ಬರುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಊರಿಗೆ ಇನ್‌ಫ್ಲುಯೆಂಜಾ ಬಂದಾಗ ಅವನು ಯುದ್ಧದ ವಿರುದ್ಧ ಒಂದು ಪ್ರವಚನ ಬರೆದಿದ್ದ. ಚರ್ಚಿಗೆ ಬರುವವರು ಮೊದಲೇ ನೊಂದ ನಾಲ್ಕು ಮುದುಕಿಯರು, ಅವರ ಮುಂದೆ ಇದನ್ನು ಓದಿ ಏನು ಪ್ರಯೋಜನ ಅಂತ ಒಲೆಗೆ ಹಾಕಿಬಿಡುತ್ತಾನೆ. ಇಷ್ಟು ಪೆಟ್ಟಿಗೆ ತುಂಬಿದ ಮಾತಿನಲ್ಲಿ ಅವನಿಗೆ ನಿಜ ಅನ್ನಿಸುವುದು ಆ ಸುಟ್ಟದ್ದು ಒಂದೇ. ಇದನ್ನು ಓದಿದ ಮೇಲೆ ಅಪ್ಪನ ಟ್ರಂಕು ತೆಗೆಯುವ ಮನಸ್ಸು ಸ್ವಲ್ಪ ಹಿಂಜರಿಯಿತು ಅನ್ನಿ.

ನಮ್ಮ ಎರೆ ಸೀಮೆಯವರಿಗೆ ತಕ್ಷಣ ಹಿಡಿಸುವ ಭಾಗ ಒಂದಿದೆ. 1892ರ ಬರಗಾಲದಲ್ಲಿ, ಹನ್ನೆರಡು ವರ್ಷದ ಏಮ್ಸ್ ತನ್ನ ಅಪ್ಪನ ಜೊತೆ ಅಜ್ಜನ ಸಮಾಧಿ ಹುಡುಕುತ್ತಾ ಕಾನ್ಸಾಸ್‌ಗೆ ಹೋಗುತ್ತಾನೆ. ನೀರಿಲ್ಲ, ತಿನ್ನಲು ಸಿಗುವುದಿಲ್ಲ, ದಾರಿ ಕೇಳಲು ಜನವೇ ಇಲ್ಲ. ಸಿಕ್ಕಿದ ಸ್ಮಶಾನ ಹಾಳುಬಿದ್ದಿದೆ. ಅಪ್ಪ ಮಗ ಇಬ್ಬರೂ ಸೇರಿ ಕಳೆ ಕಿತ್ತು, ಬೇಲಿ ಸರಿಮಾಡುತ್ತಾರೆ. ಆ ಹೊತ್ತಿಗೆ ಒಂದು ಕಡೆ ಸೂರ್ಯ ಮುಳುಗುತ್ತಾನೆ, ಇನ್ನೊಂದು ಕಡೆ ಹುಣ್ಣಿಮೆಯ ಚಂದ್ರ ಏಳುತ್ತಾನೆ. ನರಗುಂದದ ಕಡೆ ಬೇಸಿಗೆಯ ಬಯಲಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಅಜ್ಜನೇ ಒಂದು ದೊಡ್ಡ ಪಾತ್ರ. ಒಂದು ಕಣ್ಣು ಗುಲಾಮಗಿರಿಯ ವಿಚಾರಕ್ಕೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಹೋಗಿದೆ. ಸಂಕೋಲೆ ತೊಟ್ಟ ಯೇಸುವನ್ನು ಕನಸಿನಲ್ಲಿ ಕಂಡು, ಗುಲಾಮರನ್ನು ಬಿಡಿಸಲು ಹೊರಟವನು. ಚರ್ಚಿನಲ್ಲಿ ನಿಂತು, ಯುದ್ಧಕ್ಕೆ ಬನ್ನಿ ಅಂತ ಹೇಳಿದವನು. ಮನೆಯಲ್ಲಿದ್ದದ್ದನ್ನೆಲ್ಲ ಯಾರಾದರೂ ಕೇಳಿದರೆ ಕೊಟ್ಟುಬಿಡುತ್ತಾನೆ. ಸೊಸೆ ಪಾಪ, ದುಡ್ಡು ಮುಚ್ಚಿಡಬೇಕಾಗುತ್ತದೆ. ಇವನ ಮಗ, ಅಂದರೆ ಏಮ್ಸ್‌ನ ಅಪ್ಪ, ಯುದ್ಧವನ್ನೇ ಒಪ್ಪದ ಪಾದ್ರಿ. ಒಂದೇ ಬೈಬಲ್ ಹಿಡಿದುಕೊಂಡು ಇಬ್ಬರೂ ಒಂದು ಮನೆಯಲ್ಲಿ ಮುನಿಸಿಕೊಂಡು ಬದುಕುತ್ತಾರೆ. ನಡುವೆ ನಗುವೂ ಇದೆ. ಓಡಿಬಂದ ಗುಲಾಮರನ್ನು ಬಚ್ಚಿಡಲು ಒಂದು ಊರಿನವರು ತೋಡಿದ ಸುರಂಗಕ್ಕೆ ಯಾರದೋ ಕುದುರೆ ಕುಸಿದು ಬೀಳುವ ಪ್ರಸಂಗ ಓದಿ ನಾನು ಒಬ್ಬಳೇ ನಕ್ಕಿದ್ದೇನೆ.

ಇಷ್ಟು ಇದ್ದರೆ ಒಳ್ಳೆಯ ಮುದುಕನ ಒಳ್ಳೆಯ ನೆನಪುಗಳು ಅಂತ ಮುಗಿಸಬಹುದಿತ್ತು. ಆದರೆ ಸ್ವಲ್ಪ ಮುಂದೆ ಹೋದ ಮೇಲೆ ಜ್ಯಾಕ್ ಬೌಟನ್ ಊರಿಗೆ ಬರುತ್ತಾನೆ. ಅಲ್ಲಿಂದ ಪುಸ್ತಕದ ಬಣ್ಣವೇ ಬೇರೆ. (ಕಥೆಯ ಗುಟ್ಟು ಮೊದಲೇ ಗೊತ್ತಾಗುವುದು ಬೇಡ ಅನ್ನುವವರು ಮುಂದಿನ ಮೂರು ಪ್ಯಾರಾ ಬಿಡಿ.)

ಜ್ಯಾಕ್ ಅಂದರೆ ಏಮ್ಸ್‌ನ ಜೀವದ ಗೆಳೆಯ, ಇನ್ನೊಂದು ಚರ್ಚಿನ ಪಾದ್ರಿ ಬೌಟನ್‌ನ ಮಗ. ಮಕ್ಕಳಿಲ್ಲದ ಗೆಳೆಯನಿಗೆ ಸಂತೋಷ ಆಗಲಿ ಅಂತ ಬೌಟನ್ ತನ್ನ ಮಗನಿಗೆ ಜಾನ್ ಏಮ್ಸ್ ಅಂತಲೇ ಹೆಸರಿಡುತ್ತಾನೆ. ಅದೂ ಹೇಗೆ? ದೀಕ್ಷಾಸ್ನಾನ ಮಾಡಿಸಲು ಏಮ್ಸ್ ಮಗುವನ್ನು ಎತ್ತಿಕೊಂಡಾಗ ಮೊದಲ ಸಲ ಹೆಸರು ಹೇಳುತ್ತಾನೆ. ಆ ಕ್ಷಣ ಏಮ್ಸ್‌ನ ಎದೆ ತಣ್ಣಗಾಗುತ್ತದೆ. ಇದು ನನ್ನ ಮಗು ಅಲ್ಲ ಅನ್ನಿಸುತ್ತದೆ. ಆ ತಣ್ಣಗಾದ ಎದೆ ನಲವತ್ತಕ್ಕೂ ಹೆಚ್ಚು ವರ್ಷ ಬಿಸಿಯಾಗುವುದಿಲ್ಲ. ಜ್ಯಾಕ್ ಕೂಡ ಸುಮ್ನೆ ಇದ್ದವನಲ್ಲ. ಒಬ್ಬ ಬಡ ಹುಡುಗಿಗೆ ಮಗು ಕೊಟ್ಟು ಓಡಿಹೋದವನು. ಆ ಮಗು ಸಣ್ಣದರಲ್ಲೇ ಕಾಲಿನ ಗಾಯ ಕೊಳೆತು ಸತ್ತಿತು. ತನ್ನ ಮಗುವನ್ನು ಕಳೆದುಕೊಂಡ ಏಮ್ಸ್‌ಗೆ ಇದು ನುಂಗಲಾರದ ತುತ್ತು. ಜಗಲಿಯ ಮೇಲೆ ಕೂತು ಜ್ಯಾಕ್ ಕೇಳುತ್ತಾನೆ, ಕೆಲವರು ಹುಟ್ಟುವಾಗಲೇ ನರಕಕ್ಕೆ ಅಂತ ಬರೆಸಿಕೊಂಡು ಬಂದಿರುತ್ತಾರೆಯೇ? ಇಬ್ಬರು ಪಾದ್ರಿಗಳೂ ಶಾಸ್ತ್ರದ ಮಾತಾಡಿ ತಪ್ಪಿಸಿಕೊಳ್ಳುತ್ತಾರೆ. ಓದು ಬರಹ ಕಡಿಮೆ ಇರುವ ಲೈಲಾ, ಮನುಷ್ಯ ಬದಲಾಗಬಹುದು ಅಂತ ಹೇಳಿ ಸುಮ್ಮನಾಗುತ್ತಾಳೆ. ಇಡೀ ಪುಸ್ತಕದಲ್ಲಿ ನನಗೆ ಅತಿ ಇಷ್ಟವಾದ ಜಾಗ ಅದು.

ಜ್ಯಾಕ್ ಬಂದದ್ದು ಒಂದು ಮನೆ ಹುಡುಕಿಕೊಂಡು. ಅವನ ಹೆಂಡತಿ ಡೆಲ್ಲಾ ಕಪ್ಪು ಜನಾಂಗದವಳು, ಒಬ್ಬ ಮಗನಿದ್ದಾನೆ. ಅವರು ಇದ್ದ ಮಿಸೌರಿಯಲ್ಲಿ ಅಂಥ ಮದುವೆಗೆ ಕಾನೂನೇ ಅಡ್ಡ. ಅಯೋವಾದಲ್ಲಿ ಆ ಕಾನೂನಿಲ್ಲ. ಗಿಲಿಯಡ್‌ನಲ್ಲಿ ನಾವು ಇರಬಹುದಾ ಅಂತ ಅವನ ಪ್ರಶ್ನೆ. ಗುಲಾಮರನ್ನು ಬಿಡಿಸಲು ಹೊರಟವರೇ ಕಟ್ಟಿದ ಊರು ಅದು! ಆದರೂ ಏಮ್ಸ್‌ಗೆ ಹೌದು ಅನ್ನಲು ಆಗುವುದಿಲ್ಲ. ಹಿಂದೆ ಆ ಊರಲ್ಲಿದ್ದ ಕಪ್ಪು ಜನರ ಚರ್ಚಿಗೆ ಯಾರೋ ಬೆಂಕಿ ಹಚ್ಚಿದ್ದರು, ಅವರೆಲ್ಲ ಊರು ಬಿಟ್ಟು ಹೋಗಿದ್ದರು. ಸಣ್ಣ ಬೆಂಕಿ, ಜಾಸ್ತಿ ಹಾನಿ ಆಗಲಿಲ್ಲ ಅಂತ ಏಮ್ಸ್ ಹಗುರವಾಗಿ ಹೇಳಿಕೊಳ್ಳುತ್ತಾನಲ್ಲ, ಅಲ್ಲಿ ರಾಬಿನ್‌ಸನ್ ತಮ್ಮದೇ ನಾಯಕನನ್ನು ಸುಮ್ಮನೆ ಬಿಟ್ಟಿಲ್ಲ. ಒಳ್ಳೆಯವನು ಒಳ್ಳೆಯತನವನ್ನೆಲ್ಲ ಪ್ರವಚನಕ್ಕೆ ಕೊಟ್ಟು, ಬಾಗಿಲಿಗೆ ಬಂದ ಒಬ್ಬನ ಮುಂದೆ ತಡವರಿಸುವುದು ಹೇಗೆ ಅನ್ನುವುದೇ ಈ ಕಾದಂಬರಿ ಅಂತ ನನಗನ್ನಿಸಿತು. ನಂಬಿಕೆಯಿಂದ ಸಮಾಧಾನ ಸಿಗುವ ಪುಸ್ತಕ ಅಂತ ಹೊಗಳುವವರು ಜ್ಯಾಕ್‌ನ ಪುಟಗಳನ್ನು ಬೇಗ ಬೇಗ ಓದಿರಬೇಕು.

ಅಪ್ಪ ಪ್ರತಿ ಶ್ರಾವಣದಲ್ಲಿ ಕಲ್ಯಾಣದ ಕಥೆ ಹೇಳುತ್ತಿದ್ದರು. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟ ಮದುವೆ, ಅದಕ್ಕಾಗಿ ಇಬ್ಬರೂ ಅಪ್ಪಂದಿರಿಗೆ ಬಿಜ್ಜಳ ಕೊಟ್ಟ ಎಳೆಹೂಟೆ ಶಿಕ್ಷೆ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸುವುದು. ಅಲ್ಲಿಗೆ ಬಂದಾಗ ಅಪ್ಪನ ದನಿ ಕಟ್ಟುತ್ತಿತ್ತು, ಹೆಂಗಸರು ಸೆರಗಿನಿಂದ ಕಣ್ಣು ಒರೆಸುತ್ತಿದ್ದರು. ನಮ್ಮಣ್ಣ ಬೇರೆ ಜಾತಿಯ ಹುಡುಗಿಯನ್ನು ಮದುವೆ ಆಗುತ್ತೇನೆ ಅಂದಾಗ ಅದೇ ಅಪ್ಪ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಅಣ್ಣ ಹುಬ್ಬಳ್ಳಿಯಲ್ಲಿ ರಿಜಿಸ್ಟರ್ ಮದುವೆ ಆಗಿ ಪುಣೆಗೆ ಹೋದ. ಫೋನಿನಲ್ಲಿ ‘ಆ ಕಡೆ ಮಳಿ ಆತೇನಪಾ’ ಅಂತ ಕೇಳುತ್ತಿದ್ದರು, ಸೊಸೆಯ ಹೆಸರು ಮಾತ್ರ ಎತ್ತುತ್ತಿರಲಿಲ್ಲ. ಕಾದಂಬರಿಯ ಕೊನೆಗೆ, ಜ್ಯಾಕ್ ಊರು ಬಿಡಲು ಬಸ್ ಹತ್ತುವ ಮೊದಲು, ಏಮ್ಸ್ ಅವನ ಹಣೆಯ ಮೇಲೆ ಕೈಯಿಟ್ಟು ಹರಸುತ್ತಾನೆ. ಆ ಪುಟಕ್ಕೆ ಬಂದಾಗ ನನಗೆ ಅಳು ಬಂತು ಅನ್ನುವುದಕ್ಕಿಂತ ಸಿಟ್ಟು ಬಂತು. ಹರಸಿದ್ದು ಸರಿ, ಮನೆ ಕೊಡಿಸಿದ್ದರೆ?

ಕೊರತೆಗಳೂ ಇವೆ. ಡೆಲ್ಲಾ ಮತ್ತು ಅವಳ ಮಗ ತೀರಾ ಕೊನೆಯಲ್ಲಿ, ಜ್ಯಾಕ್‌ನ ಬಾಯಿಂದ ಮಾತ್ರ ಬರುತ್ತಾರೆ. ಅವರನ್ನು ನಾವು ನೋಡುವುದೇ ಇಲ್ಲ. ಲೈಲಾ ಇಷ್ಟು ಒಳ್ಳೆಯ ಪಾತ್ರ, ಆದರೆ ಮುದುಕ ಅವಳ ಬಗ್ಗೆ ಹೇಳುತ್ತಾನೆಯೇ ಹೊರತು ಅವಳಿಗೆ ಮಾತಾಡಲು ಬಿಡುವುದು ಕಡಿಮೆ. ಕಾಲ್ವಿನ್, ಫಾಯರ್‌ಬಾಖ್, ಬಾರ್ತ್ ಅಂತ ಧರ್ಮಶಾಸ್ತ್ರದ ಚರ್ಚೆ ಬಂದಾಗ ನಾನು ಕೆಲವು ಕಡೆ ಹಾರಿಸಿದ್ದೇನೆ, ಕಥೆಗೆ ಏನೂ ಲುಕ್ಸಾನಾಗಲಿಲ್ಲ. ಪಾದ್ರಿ, ಪ್ರಾರ್ಥನೆ ಎಲ್ಲ ನಮಗೆ ದೂರದ್ದು ಅನ್ನುವವರಿಗೆ ಒಂದು ಮಾತು: ಪಾದ್ರಿಗಳ ಬಾಸೆಲ್ ಮಿಶನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ. ಅದೇ ಮಿಶನ್ನಿನವರು ಕಟ್ಟಿದ ಬೆಟಗೇರಿಯ ಜರ್ಮನ್ ಆಸ್ಪತ್ರೆಯಲ್ಲಿ ಹುಟ್ಟಿದವರು ನಮ್ಮ ಓಣಿಯಲ್ಲೇ ಎಷ್ಟೋ ಜನ ಇದ್ದಾರೆ.

ಇಂಗ್ಲಿಷ್ ಕಷ್ಟವಾ ಅಂತ ಕೇಳುತ್ತೀರಿ. ಪದಗಳು ಸರಳ, ವಾಕ್ಯ ನಿಧಾನ. ಕನ್ನಡ ಮೀಡಿಯಂನಲ್ಲಿ ಓದಿ, ದಿನಾ ಒಂದಿಷ್ಟು ಇಂಗ್ಲಿಷ್ ಪೇಪರ್ ಓದುವವರಿಗೆ ಸಾಕು. ಯಾರು ಯಾರ ಮಗ ಅನ್ನುವುದನ್ನು ಮೊದಲ ಪುಟದಲ್ಲೇ ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳಿ, ಯಾಕೆಂದರೆ ಅಜ್ಜ, ಅಪ್ಪ, ಮಗ, ಜೊತೆಗೆ ಗೆಳೆಯನ ಮಗ, ನಾಲ್ವರೂ ಜಾನ್ ಏಮ್ಸ್‌ಗಳೇ. ಪುಸ್ತಕ ಗೆಳತಿಗೆ ವಾಪಸ್ ಕೊಟ್ಟೆ. ನನ್ನದೇ ಒಂದು ಪ್ರತಿ ತರಿಸಬೇಕು, ಒಂದು ಅಣ್ಣನಿಗೂ ಕಳಿಸಬೇಕು.

ಇದೇ ಜನರ ಮೇಲೆ ರಾಬಿನ್‌ಸನ್ ಇನ್ನೂ ಮೂರು ಕಾದಂಬರಿ ಬರೆದಿದ್ದಾರೆ: ‘ಹೋಮ್’ (2008), ‘ಲೈಲಾ’ (2014), ‘ಜ್ಯಾಕ್’ (2020). ‘ಹೋಮ್’ನಲ್ಲಿ ಇದೇ ದಿನಗಳ ಕಥೆ ಬೌಟನ್‌ರ ಮನೆಯೊಳಗಿನಿಂದ, ಮಗಳು ಗ್ಲೋರಿಯ ಕಣ್ಣಿಂದ ಬರುತ್ತದೆ. ಅವಳೂ ಪಾದ್ರಿಯ ಮಗಳು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು, ಊರು ಬಿಟ್ಟುಹೋದ ಅಣ್ಣನ ತಂಗಿ. ಅದನ್ನು ಆಗಲೇ ಶುರು ಮಾಡಿದ್ದೇನೆ.