ಮಿನಾಕ್ಸಿಡಿಲ್ ಶೇ. 5 ದ್ರಾವಣ: ದೀರ್ಘಕಾಲದ ಬಳಕೆಯ ವಿಮರ್ಶೆ

ಅಂಕ: 5ಕ್ಕೆ 3.5. ಔಷಧಕ್ಕಷ್ಟೇ ಆಗಿದ್ದರೆ 4 ಕೊಡಬಹುದಿತ್ತು. ಸೋರುವ ಡ್ರಾಪರು ಮತ್ತು ಕನ್ನಡಕ ಹಾಕಿದರೂ ಓದಲಾಗದ ಬಳಕೆ ಚೀಟಿ ಸೇರಿ ಅರ್ಧ ಅಂಕ ತಿಂದಿವೆ.

ಇದು 60 ಮಿ.ಲೀ. ಬಾಟಲಿಯಲ್ಲಿ ಸಿಗುವ, ಕೂದಲು ಬೆಳೆಸಲು ತಲೆಗೆ ಹಚ್ಚುವ ದ್ರಾವಣದ ಬಗ್ಗೆ. ಕಂಪನಿ ಯಾವುದೇ ಇರಲಿ, ಸಾಮಾನ್ಯವಾಗಿ ಒಳಗಿರುವುದು ಮದ್ಯಸಾರ, ಪ್ರೊಪಿಲೀನ್ ಗ್ಲೈಕಾಲ್, ನೀರು, ಮತ್ತು ಪ್ರತಿ ಮಿ.ಲೀ.ಗೆ 50 ಮಿ.ಗ್ರಾಂ. ಮಿನಾಕ್ಸಿಡಿಲ್. ಹಾಗಾಗಿ ಬ್ರಾಂಡಿನ ಹೆಸರು ಹಿಡಿದು ಜಗಳವಾಡುವುದರಲ್ಲಿ ಅರ್ಥವಿಲ್ಲ. ‘ಹಚ್ಚಿದೆ, ಏನೂ ಆಗಲಿಲ್ಲ’ ಎನ್ನುವ ದೂರುಗಳ ಹಿಂದೆ ಹೋದರೆ ಮತ್ತೆ ಮತ್ತೆ ಸಿಗುವುದು ಮೂರೇ ಕಾರಣ. ಬೇರೆ ಕಾರಣಕ್ಕೆ ಉದುರುವ ಕೂದಲಿಗೆ ಇದನ್ನು ಹಚ್ಚಿರುತ್ತಾರೆ, ಚರ್ಮ ಬಿಟ್ಟು ಕೂದಲಿಗೆ ಸವರಿರುತ್ತಾರೆ, ಇಲ್ಲವೇ ಎರಡನೇ ತಿಂಗಳಿಗೇ ಕೈಬಿಟ್ಟಿರುತ್ತಾರೆ.

ಯಾರ ತಲೆಗೆ ಇದು ಸರಿ

ಅನುವಂಶೀಯವಾಗಿ ಬರುವ ಬೋಳಿಗೆ. ಗಂಡಸರಲ್ಲಿ ಹಣೆಯ ಎರಡೂ ಮೂಲೆ ಹಿಂದೆ ಸರಿಯುತ್ತವೆ, ನೆತ್ತಿ ತೆಳುವಾಗುತ್ತದೆ. ಹಿಂತಲೆಯ ಕೂದಲು ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ. ಹೆಂಗಸರಲ್ಲಿ ಹಣೆಯಂಚು ಹಾಗೇ ಇದ್ದು ಬೈತಲೆ ಅಗಲವಾಗುತ್ತ ಹೋಗುತ್ತದೆ. ಗಂಡಸರಲ್ಲಿ ಇದಕ್ಕೆ ಕಾರಣ ಡಿಎಚ್‌ಟಿ ಎಂಬ ಹಾರ್ಮೋನಿಗೆ ಆ ಭಾಗದ ಕೂದಲ ಬುಡಗಳು ಹುಟ್ಟಾ ಸೂಕ್ಷ್ಮವಾಗಿರುವುದು. ಕೂದಲು ಬೆಳೆದು ಉದುರುವ ಒಂದೊಂದು ಸುತ್ತಿಗೂ ಬುಡ ಕುಗ್ಗುತ್ತದೆ, ದಪ್ಪ ಕೂದಲಿನ ಜಾಗದಲ್ಲಿ ನವಿರು ಬರುತ್ತದೆ, ಕೊನೆಗೆ ಅದೂ ಇಲ್ಲ. ಅಪ್ಪನ ಕಡೆಯಿಂದಲೂ ಬರಬಹುದು, ಅಮ್ಮನ ಕಡೆಯಿಂದಲೂ ಬರಬಹುದು. ‘ಸೋದರಮಾವನ ತಲೆ ನೋಡು’ ಎನ್ನುವುದು ಅರ್ಧ ಸತ್ಯ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಯಾರಿಗಾದರೂ ಸಹಜ. ಬಾಚಣಿಗೆಯಲ್ಲಿ ಇದ್ದಕ್ಕಿದ್ದಂತೆ ಹಿಡಿಹಿಡಿ ಬರತೊಡಗಿದರೆ ಬಾಟಲಿ ಕೊಳ್ಳುವ ಮೊದಲು ಎರಡು–ಮೂರು ತಿಂಗಳು ಹಿಂದಕ್ಕೆ ಹೋಗಿ ಯೋಚಿಸಿ. ಡೆಂಗಿ, ಟೈಫಾಯ್ಡ್, ಕೋವಿಡ್, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸಿದ್ದು, ಇವುಗಳಲ್ಲಿ ಒಂದು ಸಿಕ್ಕೇ ಸಿಗುತ್ತದೆ ಎನ್ನುವಷ್ಟು ಇದು ಸಾಮಾನ್ಯ. ದೇಹಕ್ಕೆ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲುಗಳು ಒಟ್ಟಿಗೆ ವಿಶ್ರಾಂತಿಗೆ ಜಾರುತ್ತವೆ. ಆ ವಿಶ್ರಾಂತಿ ಸುಮಾರು ಮೂರು ತಿಂಗಳಿನದು, ಅದು ಮುಗಿದಾಗ ಒಟ್ಟಿಗೇ ಉದುರುತ್ತವೆ. ಕಾರಣ ಸರಿಹೋದರೆ ಸಾಮಾನ್ಯವಾಗಿ ಆರೇಳು ತಿಂಗಳಲ್ಲಿ ತಾನಾಗಿ ಮರಳುವ ಕೂದಲು ಇದು. ಮರಳದಿದ್ದರೆ ರಕ್ತದಲ್ಲಿ ಫೆರಿಟಿನ್ (ದೇಹ ಕೂಡಿಟ್ಟ ಕಬ್ಬಿಣದ ಅಳತೆ), ಟಿಎಸ್‌ಎಚ್ (ಥೈರಾಯ್ಡ್), ಬಿ12, ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್ ತಳ ಕಂಡಿರಬಹುದು, ಮುಟ್ಟಿನ ಸ್ರಾವ ಹೆಚ್ಚಿರುವವರಲ್ಲಿ ವಿಶೇಷವಾಗಿ. ಬೈತಲೆ ಅಗಲವಾಗುವುದರ ಜೊತೆಗೆ ಮುಟ್ಟು ಏರುಪೇರಾಗಿ ಗಲ್ಲದ ಮೇಲೆ ರೋಮ ಬರುತ್ತಿದ್ದರೆ ಪಿಸಿಓಎಸ್ (ಅಂಡಾಶಯದ ಹಾರ್ಮೋನು ಏರುಪೇರಾಗುವ ತೊಂದರೆ) ಇದೆಯೇ ಎಂದು ನೋಡಿಸಬೇಕು.

ನಾಣ್ಯದಗಲ ನುಣ್ಣಗೆ ಬೋಳಾಗಿದ್ದರೆ ಅದು ಬೇರೆಯೇ ಕಾಯಿಲೆ, ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲ ಬುಡದ ಮೇಲೆ ಬೀಳುವುದು. ಅದಕ್ಕೆ ಚರ್ಮದ ಡಾಕ್ಟರು ಆ ಜಾಗಕ್ಕೇ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ; ವ್ಯಾಪಕವಾದಾಗ ಬ್ಯಾರಿಸಿಟಿನಿಬ್‌ನಂಥ ಮಾತ್ರೆಗಳಿವೆ. ಮಕ್ಕಳ ತಲೆಯಲ್ಲಿ ಹೊಪ್ಪಳೆ ಎದ್ದು ಕೂದಲು ತುಂಡಾಗಿದ್ದರೆ ಹುಳುಕಡ್ಡಿ. ಅದಕ್ಕೆ ಹೊಟ್ಟೆಗೆ ಕೊಡುವ ಶಿಲೀಂಧ್ರನಾಶಕವೇ ಬೇಕು, ಮೇಲೆ ಹಚ್ಚಿದ್ದು ಬುಡಕ್ಕೆ ಇಳಿಯುವುದಿಲ್ಲ. ಎಳೆದು ಕಟ್ಟುವ ಜಡೆ, ಭಾರದ ಚವರಿ, ಬಿಗಿ ತುರುಬಿನಿಂದ ಹಣೆಯಂಚು ಸವೆದಿದ್ದರೆ ಮೊದಲು ಕಟ್ಟು ಸಡಿಲಿಸಿ. ಇನ್ನು ಬೆಂಗಳೂರಿಗೆ ಬಂದವರೆಲ್ಲ ಬೈಯುವ ಬೋರ್‌ವೆಲ್ ನೀರು: ಗಡಸು ನೀರಿನಿಂದ ಕೂದಲು ಒರಟಾಗುತ್ತದೆ, ನಡುವೆ ತುಂಡಾಗುತ್ತದೆ. ನೆತ್ತಿ ಬೋಳಾಗುವುದು ಅದರಿಂದಲ್ಲ. ಉದುರಿದ ಕೂದಲಿನ ತುದಿಯಲ್ಲಿ ಬಿಳಿ ಗುಂಡಿಯಂಥ ಬುಡ ಇದೆಯೇ ನೋಡಿ. ಇದ್ದರೆ ಬೇರಿಂದ ಬಂದದ್ದು, ಇಲ್ಲದಿದ್ದರೆ ಮುರಿದದ್ದು.

ಇದು ಮಾಡುವ ಕೆಲಸ

ಮಿನಾಕ್ಸಿಡಿಲ್ ಹುಟ್ಟಿದ್ದು ರಕ್ತದೊತ್ತಡದ ಮಾತ್ರೆಯಾಗಿ. ನುಂಗಿದವರ ಮೈಮೇಲೆಲ್ಲ ರೋಮ ಬೆಳೆದದ್ದು ಕಂಡು ತಲೆಗೆ ಹಚ್ಚುವ ದ್ರಾವಣ ಮಾಡಿದರು, ಅಮೆರಿಕದಲ್ಲಿ ಶೇ. 2ರದ್ದಕ್ಕೆ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಇದು ಡಿಎಚ್‌ಟಿಯನ್ನು ಮುಟ್ಟುವುದೇ ಇಲ್ಲ. ಕೂದಲಿನ ವಿಶ್ರಾಂತಿಯ ಅವಧಿ ಮೊಟಕಾಗುತ್ತದೆ, ಬೆಳೆಯುವ ಅವಧಿ ಉದ್ದವಾಗುತ್ತದೆ, ಕುಗ್ಗಿದ ಬುಡ ಸ್ವಲ್ಪ ದಪ್ಪಗಾಗುತ್ತದೆ. ಮೂಲ ಕಾರಣ ಹಾಗೇ ಉಳಿಯುವುದರಿಂದ, ನಿಲ್ಲಿಸಿದ ಮೂರರಿಂದ ಆರು ತಿಂಗಳೊಳಗೆ ಗಳಿಸಿದ್ದೆಲ್ಲ ಹೋಗುತ್ತದೆ. ಇನ್ನೊಂದು ಸೂಕ್ಷ್ಮ: ಬಾಟಲಿಯಲ್ಲಿರುವ ರೂಪದಲ್ಲಿ ಇದು ಕೆಲಸಕ್ಕೆ ಬಾರದು. ಕೂದಲ ಬುಡದಲ್ಲಿರುವ ಒಂದು ಕಿಣ್ವ ಇದನ್ನು ಮಿನಾಕ್ಸಿಡಿಲ್ ಸಲ್ಫೇಟ್ ಆಗಿ ಬದಲಿಸಬೇಕು. ಆ ಕಿಣ್ವ ಕಡಿಮೆ ಇರುವವರು ಎಷ್ಟೇ ಶಿಸ್ತಿನಿಂದ ಹಚ್ಚಿದರೂ ಫಲ ಕಾಣುವುದಿಲ್ಲ. ಅದು ಅವರ ತಪ್ಪೂ ಅಲ್ಲ, ಬಾಟಲಿಯ ತಪ್ಪೂ ಅಲ್ಲ.

ನೆತ್ತಿಯಲ್ಲಿ ಫಲ ಚೆನ್ನಾಗಿದೆ, ಹಣೆಯ ಮೂಲೆಗಳಲ್ಲಿ ಅಷ್ಟಕ್ಕಷ್ಟೆ. ಹತ್ತು ವರ್ಷದಿಂದ ಹೊಳೆಯುತ್ತಿರುವ ಬುರುಡೆಗೆ ಹಣ ಸುರಿಯಬೇಡಿ.

ಹಚ್ಚುವ ಕ್ರಮ

ಗಂಡಸರಿಗೆ ಬೆಳಿಗ್ಗೆ 1 ಮಿ.ಲೀ., ರಾತ್ರಿ 1 ಮಿ.ಲೀ. ಅಂದರೆ ಒಂದು ಬಾಟಲಿ ಸರಿಯಾಗಿ 30 ದಿನ. ನಿಮ್ಮ ಬಾಟಲಿ ಎರಡು ತಿಂಗಳು ಬರುತ್ತಿದ್ದರೆ ಅರ್ಧ ಪ್ರಮಾಣ ಹಚ್ಚುತ್ತಿದ್ದೀರಿ ಎಂದರ್ಥ. ಹೆಂಗಸರಿಗೆ ಶೇ. 2ರದ್ದು ದಿನಕ್ಕೆ ಎರಡು ಸಲ, ಅಥವಾ ಶೇ. 5ರ ಫೋಮ್ (ನೊರೆಯ ರೂಪದ್ದು) ದಿನಕ್ಕೆ ಒಂದೇ ಸಲ. ಹೆಚ್ಚು ಹಚ್ಚಿದರೆ ಬೇಗ ಬೆಳೆಯುವುದಿಲ್ಲ, ಎದೆ ಹೊಡೆದುಕೊಳ್ಳುವುದು ಬೇಗ ಬರುತ್ತದೆ. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ದುಪ್ಪಟ್ಟು ಬೇಡ.

ತಲೆ ಪೂರ್ತಿ ಒಣಗಿರಲಿ. ತೆಳುವಾದ ಜಾಗದಲ್ಲಿ ಬಾಚಣಿಗೆಯ ತುದಿಯಿಂದ ಬೈತಲೆ ತೆಗೆದು ಡ್ರಾಪರನ್ನು ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ಐದಾರು ಹನಿ ಬಿಡಿ; ಬೆರಳ ತುದಿಯಿಂದ ಹರಡಿ; ಒಂದು ಬೆರಳಗಲ ಬಿಟ್ಟು ಮತ್ತೊಂದು ಬೈತಲೆ. 1 ಮಿ.ಲೀ.ಗೆ ನಾಲ್ಕೈದು ಗೆರೆ ಸಾಕು. ತಿಕ್ಕಿ ಮಾಲೀಶು ಮಾಡುವ ಅಗತ್ಯವಿಲ್ಲ. ಸ್ಪ್ರೇ ಮುಚ್ಚಳ ನೋಡಲು ಚಂದ, ಆದರೆ ಉದ್ದ ಕೂದಲಿದ್ದವರಲ್ಲಿ ಔಷಧವೆಲ್ಲ ಕೂದಲ ಮೇಲೇ ಒಣಗಿ ಬಿಳಿ ಪುಡಿಯಾಗುತ್ತದೆ. ಅದನ್ನು ಹೊಟ್ಟು ಎಂದು ತಿಳಿದು ಗಾಬರಿಯಾಗುವವರು ಬಹಳ.

ಹಚ್ಚಿದ ಮೇಲೆ ನಾಲ್ಕು ಗಂಟೆ ತಲೆ ತೊಳೆಯಬೇಡಿ. ರಾತ್ರಿಯದನ್ನು ಮಲಗುವ ಹೊತ್ತಿಗೆ ಹಚ್ಚದೆ ಎರಡು ಗಂಟೆ ಮೊದಲೇ ಮುಗಿಸಿ. ಒದ್ದೆ ತಲೆ ದಿಂಬಿಗೆ, ದಿಂಬು ಕೆನ್ನೆಗೆ. ಹೆಂಗಸರ ಕೆನ್ನೆ–ಹಣೆಯಲ್ಲಿ ರೋಮ ಮೂಡುವುದಕ್ಕೆ ಇದೂ ಒಂದು ದಾರಿ. ಕೈಯನ್ನು ಸೋಪಿನಿಂದ ತೊಳೆಯಿರಿ. ದ್ರಾವಣದಲ್ಲಿ ಮದ್ಯಸಾರ ಇರುವುದರಿಂದ ಹಚ್ಚಿಕೊಂಡು ನೇರ ಒಲೆಯ ಮುಂದೆ ಅಥವಾ ದೀಪದ ಮುಂದೆ ನಿಲ್ಲಬೇಡಿ.

ಎಣ್ಣೆ ಬಿಡಬೇಕೇ ಎನ್ನುವುದು ನಮ್ಮಲ್ಲಿ ಎಲ್ಲರ ಮೊದಲ ಪ್ರಶ್ನೆ. ಬಿಡಬೇಕಿಲ್ಲ. ಆದರೆ ಎಣ್ಣೆ ಇರುವ ಚರ್ಮದ ಮೇಲೆ ಔಷಧ ಹಚ್ಚಬೇಡಿ. ವಾರಕ್ಕೊಮ್ಮೆ ಎಣ್ಣೆ ಸ್ನಾನ ಮಾಡುವವರು ಬೆಳಿಗ್ಗೆ ಎಣ್ಣೆ ಹಚ್ಚಿ, ಒಂದು ಗಂಟೆ ಬಿಟ್ಟು, ಸೀಗೆಪುಡಿಯಿಂದಲೋ ಶಾಂಪೂವಿನಿಂದಲೋ ಜಿಡ್ಡು ಹೋಗುವಂತೆ ತೊಳೆದು, ಒಣಗಿದ ಮೇಲೆ ಔಷಧ ಹಚ್ಚಲಿ. ಮುಡಿ ಕೊಟ್ಟು ಬಂದವರು ಕತ್ತಿ ತಾಗಿದ ಗಾಯಗಳು ಮಾಯುವವರೆಗೆ ಕಾಯಬೇಕು: ಸರಿಯಿರುವ ಚರ್ಮ ಇದರಲ್ಲಿ ಶೇ. 1.4ರಷ್ಟನ್ನು ಮಾತ್ರ ರಕ್ತಕ್ಕೆ ಬಿಡುತ್ತದೆ, ಗಾಯವಾದ ಚರ್ಮ ಹೆಚ್ಚು ಬಿಡುತ್ತದೆ. ಬೋಳಿಸಿದರೆ ದಟ್ಟವಾಗಿ ಬರುತ್ತದೆ ಎಂಬುದಂತೂ ಸುಳ್ಳು. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಹಾಗೆ ಕಾಣುತ್ತದೆ, ಅಷ್ಟೆ.

ಎರಡನೇ ವಾರದಿಂದ ಎಂಟನೇ ವಾರದವರೆಗೆ

ಇಲ್ಲೇ ಜನ ಸೋಲುವುದು. ಹಚ್ಚಲು ಶುರುಮಾಡಿದ ಕೆಲವೇ ವಾರಗಳಲ್ಲಿ ಮೊದಲಿಗಿಂತ ಹೆಚ್ಚು ಉದುರಬಹುದು. ವಿಶ್ರಾಂತಿಯಲ್ಲಿದ್ದ ಹಳೆಯ ಕೂದಲನ್ನು ಕೆಳಗಿನಿಂದ ಹೊಸದು ತಳ್ಳುತ್ತಿರುತ್ತದೆ, ಹೇಗಿದ್ದರೂ ಹೋಗಬೇಕಾದ ಕೂದಲೇ ಅದು. ಇದನ್ನು ಅಂಗಡಿಯವನು ಹೇಳುವುದಿಲ್ಲ, ಚೀಟಿಯಲ್ಲಿದ್ದರೂ ಯಾರೂ ಓದುವುದಿಲ್ಲ. ಎಂಟು ವಾರ ಕಳೆದರೂ ನಿಲ್ಲದಿದ್ದರೆ ಮಾತ್ರ ಡಾಕ್ಟರನ್ನು ಕಾಣಿ. ಆಗ ಬೇರೆ ಕಾರಣ ಜೊತೆಗಿದೆ ಎಂದು ಅನುಮಾನಿಸಬೇಕು.

ನಾಲ್ಕನೇ ತಿಂಗಳಿಗೆ ನವಿರು, ಆರರಿಂದ ಎಂಟಕ್ಕೆ ಬಣ್ಣ–ದಪ್ಪ, ವರ್ಷಕ್ಕೆ ಪೂರ್ಣ ಫಲ. ಕೂದಲು ಬೆಳೆಯುವುದೇ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಅಳೆಯಲು ಕನ್ನಡಿಯನ್ನು ನಂಬಬೇಡಿ. ತಿಂಗಳಿಗೊಮ್ಮೆ ಅದೇ ಬೆಳಕು, ಅದೇ ಕೋನ, ಒಣ ತಲೆ, ನೆತ್ತಿಯದೊಂದು ಹಣೆಯದೊಂದು ಫೋಟೊ. ಒಂದು ವರ್ಷದ ಫೋಟೊಗಳಲ್ಲಿ ವ್ಯತ್ಯಾಸ ಇಲ್ಲವೆಂದರೂ, ಇನ್ನೂ ತೆಳುವಾಗಿಲ್ಲ ಎಂದಾದರೆ ಅದನ್ನು ನಾನು ಗೆಲುವೆಂದೇ ಎಣಿಸುತ್ತೇನೆ.

ತೊಂದರೆಗಳು

ತುರಿಕೆ, ಉರಿ, ಸಿಪ್ಪೆ ಏಳುವುದು ಎಲ್ಲಕ್ಕಿಂತ ಸಾಮಾನ್ಯ. ಬಹಳ ಸಲ ಅಪರಾಧಿ ಮಿನಾಕ್ಸಿಡಿಲ್ ಅಲ್ಲ, ಪ್ರೊಪಿಲೀನ್ ಗ್ಲೈಕಾಲ್. ಅದಿಲ್ಲದ ಫೋಮಿಗೆ ಬದಲಾದರೆ ಸರಿಹೋಗುತ್ತದೆ, ಬೆಲೆ ಮಾತ್ರ ಹೆಚ್ಚು. ಮೊದಲೇ ಹೊಟ್ಟು ಇರುವವರು ಶೇ. 2 ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆರಡು ಸಲ, ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಲಿ. ಎದೆಬಡಿತ, ತಲೆಸುತ್ತು, ಕಾಲು–ಮುಖದ ಊತ ಕಂಡರೆ ಅವತ್ತೇ ನಿಲ್ಲಿಸಿ. ಹೃದಯದ ಕಾಯಿಲೆ ಇರುವವರು ಕೇಳದೆ ಶುರುಮಾಡಬಾರದು, ಬಸುರಿ–ಬಾಣಂತಿಯರು ಮುಟ್ಟಬಾರದು. ಹಚ್ಚಿದ ತಲೆಗೆ ಕೂಸನ್ನು ಆನಿಸಬೇಡಿ, ಹಾಗೆ ತಾಗಿ ಮಗುವಿನ ಮೈಮೇಲೆ ರೋಮ ಬೆಳೆದ ಪ್ರಕರಣಗಳಿವೆ. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಎಚ್ಚರ: ಬೆಕ್ಕಿಗೆ ಇದು ವಿಷ, ದಿಂಬು ನೆಕ್ಕಿದರೂ ಪ್ರಾಣಕ್ಕೆ ಕುತ್ತು.

ಜೊತೆಗೆ ಬೇರೆ ಏನು

ಗಂಡಸರಿಗೆ ನಿಜವಾದ ಜೋಡಿ ಫಿನಾಸ್ಟೆರೈಡ್ 1 ಮಿ.ಗ್ರಾಂ. ಮಾತ್ರೆ. ಡಿಎಚ್‌ಟಿಯನ್ನು ತಗ್ಗಿಸುವುದು ಅದು. ಕೆಲವರಲ್ಲಿ ಕಾಮಾಸಕ್ತಿ, ನಿಮಿರುವಿಕೆ ಕುಗ್ಗುತ್ತದೆ, ಮನಸ್ಸು ಮಂಕಾಗುತ್ತದೆ. ಆದ್ದರಿಂದ ಡಾಕ್ಟರ ಚೀಟಿಯ ಮೇಲೆಯೇ. ನುಂಗುವವರು ಪ್ರಾಸ್ಟೇಟಿನ ಪಿಎಸ್‌ಎ ಪರೀಕ್ಷೆಯಲ್ಲಿ ಹೇಳಲೇಬೇಕು, ಅಂಕಿ ಅರ್ಧದಷ್ಟು ಇಳಿದಿರುತ್ತದೆ. ಪುಡಿಯಾದ ಮಾತ್ರೆಯನ್ನು ಬಸುರಿಯರು ಕೈಯಲ್ಲೂ ಮುಟ್ಟಬಾರದು.

ಸೂಜಿ ಚುಚ್ಚುವ ಡರ್ಮಾರೋಲರಿಗೆ ಆಧಾರವಿದೆ. 2013ರಲ್ಲಿ ಪ್ರಕಟವಾದ, 100 ಗಂಡಸರ ಮೇಲೆ ನಡೆದ ಭಾರತದ ಅಧ್ಯಯನದಲ್ಲಿ ವಾರಕ್ಕೊಮ್ಮೆ 1.5 ಮಿ.ಮೀ. ರೋಲರ್ ಸೇರಿಸಿದವರಿಗೆ 12 ವಾರದಲ್ಲಿ ಎಣಿಕೆಗೆಂದು ಗುರುತಿಸಿದ ಜಾಗದಲ್ಲಿ ಸರಾಸರಿ 91 ಕೂದಲು ಹೆಚ್ಚಾದರೆ, ಬರೀ ಮಿನಾಕ್ಸಿಡಿಲ್‌ನವರಿಗೆ 22. ಆದರೆ ಅದು ಆಸ್ಪತ್ರೆಯ ಶುಚಿಯಲ್ಲಿ ಆದದ್ದು. ಆನ್‌ಲೈನಿನ ಅಗ್ಗದ ರೋಲರನ್ನು ತಿಂಗಳುಗಟ್ಟಲೆ ಉರುಳಿಸಿದರೆ ಮೊಂಡಾದ ಸೂಜಿ ಚರ್ಮ ಹರಿದು ಕೀವು ತರುತ್ತದೆ. ಉರುಳಿಸಿದ 24 ಗಂಟೆ ದ್ರಾವಣ ಹಚ್ಚಬೇಡಿ.

ಬಯೋಟಿನ್ ಎಂಬ ವಿಟಮಿನ್ ಮಾತ್ರೆ ಅದರ ಕೊರತೆ ಇದ್ದವರಿಗೆ ಮಾತ್ರ, ಅಂಥವರು ಅಪರೂಪ. ಮೇಲಾಗಿ ಅದು ಥೈರಾಯ್ಡ್ ವರದಿಯನ್ನು ಕೆಡಿಸುತ್ತದೆ. ಪರೀಕ್ಷೆಗೆ ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಿ. ಗರುಗ, ದಾಸವಾಳ, ಈರುಳ್ಳಿ ಎಣ್ಣೆಗಳು ಹೊಳಪು ಕೊಡುತ್ತವೆ, ತುಂಡಾಗುವುದನ್ನು ತಡೆಯುತ್ತವೆ. ಅದಕ್ಕಿಂತ ಹೆಚ್ಚು ಕೇಳಬೇಡಿ. ನಮ್ಮ ಔಷಧ ನಿಯಮಗಳ ಷೆಡ್ಯೂಲ್ ಜೆ ಪಟ್ಟಿಯಲ್ಲಿ ಬೋಳುತಲೆಯೂ ಇದೆ, ಹೊಸ ಕೂದಲು ಬೆಳೆಸುವುದೂ ಇದೆ. ಗುಣಪಡಿಸುತ್ತೇವೆಂದು ಔಷಧದ ಲೇಬಲ್ ಹೇಳುವಂತೆಯೇ ಇಲ್ಲ. ಆದರೂ ಬಸ್ ಸ್ಟ್ಯಾಂಡಿನಿಂದ ಇನ್‌ಸ್ಟಾಗ್ರಾಂವರೆಗೆ ಹೇಳುವವರೇ.

ಕೂದಲು ಕಸಿ ಮಾಡಿಸುವವರು ಈ ಬಾಟಲಿಗೆ ವಿದಾಯ ಹೇಳಬಹುದು ಎಂದುಕೊಳ್ಳುತ್ತಾರೆ. ಹಿಂತಲೆಯಿಂದ ತಂದು ನೆಟ್ಟದ್ದು ನಿಲ್ಲುತ್ತದೆ, ಸುತ್ತಲಿನ ಹಳೆಯದು ಉದುರುತ್ತಲೇ ಇರುತ್ತದೆ. ಔಷಧ ಮುಂದುವರಿಸದಿದ್ದರೆ ನಡುವೆ ನೆಟ್ಟ ಸಾಲು, ಸುತ್ತ ಬಯಲು. ಕಸಿ ಮಾಡುವ ಕೈ ಯಾರದು ಎಂದೂ ಕೇಳಿ. ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಬರೆಯಬೇಕಾಯಿತು.

ಕೊಳ್ಳುವಾಗ

ಬ್ರಾಂಡ್ ಹೆಸರಿನ ಕೊನೆಯಲ್ಲಿ ಒಂದಕ್ಷರ ಸೇರಿದ್ದರೆ ಹಿಂಬದಿ ಓದಿ. ಫಿನಾಸ್ಟೆರೈಡ್ ಬೆರೆಸಿದ ದ್ರಾವಣಗಳು ಅದೇ ಬಣ್ಣದ ಡಬ್ಬಿಯಲ್ಲಿ ಬರುತ್ತವೆ, ಮಗು ಹೆರುವ ವಯಸ್ಸಿನ ಹೆಂಗಸರಿಗೆ ಅವು ಸಲ್ಲ. ಶೇ. 10ರದ್ದು ದುಡ್ಡು ಹೆಚ್ಚು, ತುರಿಕೆ ಹೆಚ್ಚು, ಶೇ. 5ಕ್ಕಿಂತ ಮೇಲೇರುವ ಕಾರಣ ನನಗೆ ಕಂಡಿಲ್ಲ. ಬೆಲೆಯನ್ನು ಬಾಟಲಿಗಲ್ಲ, ಮಿ.ಲೀ.ಗೆ ಲೆಕ್ಕ ಹಾಕಿ ಹೋಲಿಸಿ. ಡ್ರಾಪರನ್ನು ಬಾಟಲಿಯೊಳಗೇ ಬಿಟ್ಟರೆ ಅದರ ರಬ್ಬರು ಮೆತ್ತಗಾಗಿ 1 ಮಿ.ಲೀ. ಗೆರೆಯವರೆಗೆ ಎಳೆಯುವುದನ್ನೇ ನಿಲ್ಲಿಸುತ್ತದೆ. ಬಳಸಿದ ಮೇಲೆ ಮೂಲ ಮುಚ್ಚಳ ಹಾಕಿ, ಡ್ರಾಪರನ್ನು ಒರೆಸಿ ಹೊರಗಿಡಿ. ಮುಚ್ಚಳದ ಅಂಚಿನಲ್ಲಿ ಬಿಳಿ ಹರಳು ಕಟ್ಟಿದ್ದರೆ ಮದ್ಯಸಾರ ಆರುತ್ತಿದೆ ಎಂದರ್ಥ, ಮುಚ್ಚಳ ಬಿಗಿ ಮಾಡಿ. ಬಿಸಿಲಿಗೆ ನಿಂತ ಕಾರಿನೊಳಗೆ ಬಾಟಲಿ ಬಿಡಬೇಡಿ.