ಬಾಡಿಗೆ ವೇಷದ ಅಂಗಡಿ: ಚೆನ್ನಮ್ಮ ಸರಿ, ‘ಆದಿವಾಸಿ’ ಬೇಡ

ಮಗಳ ಶಾಲೆಯ ಛದ್ಮವೇಷ ಸ್ಪರ್ಧೆಗಾಗಿ ವಿಜಯಪುರದ ಒಂದು ಬಾಡಿಗೆ ವೇಷಭೂಷಣದ ಅಂಗಡಿಗೆ ಹೋಗಿದ್ದೆ. ಕಿತ್ತೂರು ಚೆನ್ನಮ್ಮನ ಸೆಟ್ ಚೆನ್ನಾಗಿದೆ: ಕಚ್ಚೆ ಮೊದಲೇ ಹೊಲಿದಿದೆ, ಖಡ್ಗದ ತುದಿ ಮೊಂಡು, ಬಟ್ಟೆ ಒಗೆದು ಇಸ್ತ್ರಿ ಮಾಡಿದ್ದು. ಇಳಕಲ್ ಸೀರೆ ಮಾತ್ರ ಹೆಸರಿಗಷ್ಟೇ. ಇಳಕಲ್ ಸೀರೆಯ ಗುರುತಾದ ಟೋಪಿ ತೆನಿ ಸೆರಗೇ ಇಲ್ಲ. ಇಳಕಲ್ ಇರುವ ಬಾಗಲಕೋಟೆ ಜಿಲ್ಲೆಯೇ ತವರಾದ ನನಗೆ ಇದು ಕಾಣುವುದಿಲ್ಲವೇ?

ಇನ್ನು ‘ಆದಿವಾಸಿ’ ಎಂದು ಚೀಟಿ ಅಂಟಿಸಿದ ಪೊಟ್ಟಣ. ಎಲೆಯ ಲಂಗ, ಪ್ಲಾಸ್ಟಿಕ್ ಎಲುಬಿನ ಸರ, ಮುಖಕ್ಕೆ ಬಳಿಯಲು ಕರಿ ಬಣ್ಣ. ಸೋಲಿಗರೋ ಜೇನುಕುರುಬರೋ ಯಾರು ಹೀಗಿದ್ದಾರೆ?

‘ಲಂಬಾಣಿ’ ಸೆಟ್ ನೋಡಿ ಸಿಟ್ಟೇ ಬಂತು. ತಾಂಡಾದ ಹೆಂಗಸರು ಕನ್ನಡಿ, ಕವಡೆ ಕೂರಿಸಿ ಕೈಯಿಂದ ಹೊಲಿಯುವ ಫೇಟಿಯಾ (ಲಂಗ), ಕಾಂಚಳಿಯ (ರವಿಕೆ) ಜಾಗದಲ್ಲಿ ಅಂಟಿಸಿದ ಮಿಂಚುಕಾಗದ. ಜೊತೆಗೊಂದು ಭಿಕ್ಷಾಪಾತ್ರೆ! ಇದೇಕೆ ಎಂದು ಕೇಳಿದರೆ, ‘ಜನ ನಗುತ್ತಾರಲ್ಲ ಅಕ್ಕನವರೇ’ ಎಂದರು. ಮಗಳ ತರಗತಿಯಲ್ಲಿಯೇ ತಾಂಡಾದ ಮಕ್ಕಳಿದ್ದಾರೆ. ತಮ್ಮ ಅಜ್ಜಿಯ ಉಡುಗೆಗೆ ಸಭೆಯೆಲ್ಲ ನಗುವುದನ್ನು ಅವರು ಕೂತು ನೋಡಬೇಕೇ? ಲಂಬಾಣಿ ಉಡುಗೆ ತೊಡುವುದೇ ತಪ್ಪೆಂದಲ್ಲ. ತಾಂಡಾದವರನ್ನು ಕೇಳಿ ನಿಜವಾದದ್ದನ್ನು ತಂದಿಡಲಿ, ಹೆಚ್ಚು ಬಾಡಿಗೆ ಕೊಡಲು ನಾನು ಸಿದ್ಧ.

ಠೇವಣಿ ಹಣವನ್ನು ತಕರಾರಿಲ್ಲದೆ ಹಿಂತಿರುಗಿಸಿದರು. ಐದಕ್ಕೆ ಎರಡು ನಕ್ಷತ್ರ, ಎರಡೂ ಚೆನ್ನಮ್ಮನಿಗೆ.